ಏಕಾದಶಿಯ ಉಪವಾಸ, ದ್ವಾದಶಿಯ ಪಾರಣೆ



ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯ ನಮ್ಮ ಮನೆಗಳಲ್ಲಿ ಏಕಾದಶಿಯ ನಿರಾಹಾರವು ಹರಿಪ್ರೀತ್ಯರ್ಥವಾಗಿ ನಡೆದುಬಂದಿದೆ. ಶ್ರೀಮದಾಚಾರ್ಯರು ಕೃಷ್ಣಾಮೃತಮಹಾರ್ಣವದಲ್ಲಿ ಇದರ ಮಹಿಮೆಯನ್ನು ಸಾರಿದ್ದಾರೆ. ಆದರೆ ವ್ರತವು ಏಕಾದಶಿಯಂದೇ ಮುಗಿಯದು. ಪಾರಣೆಯಿಂದಲೇ ಅದು ಪೂರ್ಣವಾಗುವುದು. ದಿನವೆಲ್ಲ ಉಪವಾಸವಿದ್ದು, ಮರುದಿನ ಬೆಳಿಗ್ಗೆ ಎರಡು ದಿನದ ಊಟವನ್ನು ಒಮ್ಮೆಗೇ ಮಾಡುವ ರೂಢಿಯು ಹಲವೆಡೆ ಬೆಳೆದಿರುವುದರಿಂದ ಈ ಮಾತನ್ನು ವಿಚಾರಿಸಬೇಕಾಗಿದೆ.

ಶರೀರದಲ್ಲಿ ಸವೆದ ಕೋಶಗಳ ಸ್ಥಾನವನ್ನು ತುಂಬುವ ಮೂಲಕೋಶಗಳುಂಟು. ಅವನ್ನು ಆಕರಕೋಶ ಅಥವಾ ಸ್ಟೆಮ್ ಸೆಲ್ ಎನ್ನುವರು. ಕರುಳಿನ ಒಳಪದರವು ಕೆಲವೇ ದಿನಗಳಿಗೊಮ್ಮೆ ಹೊಸದಾಗುವುದು ಇವುಗಳಿಂದಲೇ. ಉಂಡ ಅನ್ನದ ವಾರ್ತೆಯನ್ನು ಇನ್ಸುಲಿನ್ ಮತ್ತು ಅದರ ಬಳಗದ ಹಾರ್ಮೋನುಗಳು ಇಂಥ ಕೋಶಗಳಿಗೆ ಮುಟ್ಟಿಸುತ್ತವೆ. ಹಣ್ಣಿನ ನೊಣದ ಮಿದುಳಿನಿಂದ ಹೊರಡುವ ಇನ್ಸುಲಿನ್‌ನಂಥ ದ್ರವ್ಯವು ಅಂಡಾಶಯದ ಆಕರಕೋಶಗಳನ್ನು ನೇರವಾಗಿ ನಿಯಂತ್ರಿಸುವುದೆಂದು 2005ರಲ್ಲಿ ತಿಳಿಯಿತು. ದೀರ್ಘ ಉಪವಾಸದಿಂದ ಇಲಿಗಳಲ್ಲಿ ಐಜಿಎಫ್-1 ಎಂಬ ಹಾರ್ಮೋನು ಇಳಿದು, ರಕ್ತದ ಆಕರಕೋಶಗಳು ಪುನಶ್ಚೇತನಗೊಳ್ಳುವುದನ್ನು 2014ರಲ್ಲಿ ಕ್ಯಾಲಿಫೋರ್ನಿಯಾದ ವಿಜ್ಞಾನಿಗಳು ಕಂಡರು.

2024ರಲ್ಲಿ ಅಮೆರಿಕೆಯ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಿಂದ ಇನ್ನೊಂದು ಸಂಗತಿ ಹೊರಬಂದಿತು. 24 ಗಂಟೆ ಉಪವಾಸವಿದ್ದ ಇಲಿಗಳ ಕರುಳಿನ ಆಕರಕೋಶಗಳು ಅತಿವೇಗವಾಗಿ ವಿಭಜನೆಗೊಂಡದ್ದು ಉಪವಾಸದಲ್ಲಲ್ಲ, ಪುನಃ ಆಹಾರ ಕೊಟ್ಟಾಗ. ಕ್ಯಾನ್ಸರಿಗೆ ಕಾರಣವಾಗುವ ದೋಷವು ಆ ವೇಳೆಯಲ್ಲೇ ಕೋಶದಲ್ಲಿ ಉಂಟಾದರೆ ಗಡ್ಡೆಗಳು ಹೆಚ್ಚಾದುದೂ ಕಂಡುಬಂದಿತು. ಉಪವಾಸ ಬಿಡುವ ಮುಹೂರ್ತವು ಶರೀರಕ್ಕೆ ಎಷ್ಟು ಸೂಕ್ಷ್ಮವಾದುದೆಂಬುದಕ್ಕೆ ಇದು ನಿದರ್ಶನ.

ಇಲಿಯಲ್ಲಿ ಕಂಡುದನ್ನು ಮನುಷ್ಯರಿಗೆ ಹಾಗೆಯೇ ಅನ್ವಯಿಸಲಾಗದು. ವ್ರತದ ಫಲವನ್ನು ಪ್ರಯೋಗಶಾಲೆಯಲ್ಲಿ ಅಳೆಯುವುದೂ ಸಲ್ಲದು. ಶ್ರೀಹರಿಯ ಪ್ರೀತಿಯೇ ಅದರ ಫಲ. ಆದರೂ ಅತಿಯಾಗಿ ಉಣ್ಣುವವನಿಗೂ, ಏನೂ ಉಣ್ಣದವನಿಗೂ ಯೋಗವಿಲ್ಲವೆಂಬ ಗೀತೆಯ ಉಪದೇಶವನ್ನು ನಾವು ದ್ವಾದಶಿಯಂದು ವಿಶೇಷವಾಗಿ ನೆನೆಯಬೇಕು. ನೈವೇದ್ಯವಾದ ಮೇಲೆ ತೀರ್ಥ, ನೆಲ್ಲಿಕಾಯಿ, ಅಗಸ್ತ್ಯದ ಸೊಪ್ಪುಗಳೊಡನೆ ಹಿರಿಯರು ಮಾಡುತ್ತಿದ್ದ ಪಾರಣೆಯು ಹಿತಮಿತವಾದುದು.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರಿಗೆ ನಿರಾಹಾರದಿಂದ ಪ್ರಾಣಾಪಾಯವೂ ಆಗಬಹುದು. ವ್ರತವನ್ನು ಕೆಡಿಸದ ಎಂಟರಲ್ಲಿ ನೀರು, ಹಾಲು, ಹಣ್ಣುಗಳೊಡನೆ ಗುರುವಚನವನ್ನೂ ಔಷಧವನ್ನೂ ಮಹಾಭಾರತವು ಎಣಿಸಿದೆ. ಆದ್ದರಿಂದ ಅಂಥವರೂ ಗರ್ಭಿಣಿಯರೂ ವೈದ್ಯರನ್ನು ಕೇಳಿ ನಡೆಯತಕ್ಕದ್ದು. ಮನೆಯ ಮುದುಕರು ನಾಚಿಕೆಯಿಂದ ತಮ್ಮ ಆಯಾಸವನ್ನು ಮುಚ್ಚಿಡುವಂತೆ ಆಗಬಾರದು. ಶರೀರವು ಶ್ರೀಹರಿಯ ಸೇವೆಗೆಂದು ದೊರೆತ ಸಾಧನ. ಉಪವಾಸದಲ್ಲಿ ಭಕ್ತಿಯನ್ನೂ, ಪಾರಣೆಯಲ್ಲಿ ಮಿತವನ್ನೂ ಪಾಲಿಸಿ ಅದನ್ನು ಕಾಪಾಡೋಣ.

ಶ್ರೀಕೃಷ್ಣಾರ್ಪಣಮಸ್ತು.