ಕಾಲ ಸಂದಿಯಲ್ಲಿ ಹೋದ ಚೆಂಡು

ಬೇಸ್‌ಬಾಲಿನ ಸ್ಕೋರ್‌ಬೋರ್ಡಿನಲ್ಲಿ ಪ್ರತಿ ತಂಡದ ಸಾಲಿನ ಕೊನೆಗೆ ಮೂರು ಕಾಲಂಗಳಿರುತ್ತವೆ. ಮೊದಲನೆಯದು ರನ್, ಎರಡನೆಯದು ಹಿಟ್, ಮೂರನೆಯದು ಎರರ್, ಅಂದರೆ ತಪ್ಪು. ಕ್ರಿಕೆಟ್ಟಿನಲ್ಲಿ ಕ್ಯಾಚ್ ಬಿಟ್ಟವನನ್ನು ನಾವು ಬಾಯ್ತುಂಬ ಬೈಯುತ್ತೇವೆ, ಆದರೆ ಸ್ಕೋರ್‌ಕಾರ್ಡಿನಲ್ಲಿ ಅದಕ್ಕೆ ಜಾಗವಿಲ್ಲ. ಬೇಸ್‌ಬಾಲಿನಲ್ಲಿ ಇದೆ. ಅಧಿಕೃತ ಸ್ಕೋರರ್ ಒಂದು ಪ್ರಶ್ನೆ ಕೇಳಿಕೊಳ್ಳುತ್ತಾನೆ: ಸಾಮಾನ್ಯ ಪ್ರಯತ್ನದಿಂದ ಈ ಚೆಂಡನ್ನು ಹಿಡಿಯಬಹುದಿತ್ತೇ? ಹೌದು ಅನ್ನಿಸಿದರೆ ಆಟಗಾರನ ಹೆಸರಿಗೆ ಒಂದು ತಪ್ಪು ಬರೆಯುತ್ತಾನೆ.

ಹೊಣೆಗಾರಿಕೆ ಎಂಬ ವಿಷಯವನ್ನು ಹಿಡಿದು ಪಿಎಚ್.ಡಿ. ಮಾಡುತ್ತಿರುವ ನನಗೆ ಈ ಮೂರನೆಯ ಕಾಲಂ ಸಿಕ್ಕಿದ್ದು ಬಿಲ್ ಬಕ್ನರ್ ಎಂಬ ಆಟಗಾರನ ಮೂಲಕ. ಅಂಗಳದ ಒಳವಲಯದಲ್ಲಿ, ನಾಲ್ಕು ಬೇಸ್‌ಗಳ ಆಸುಪಾಸಿನಲ್ಲಿ ನಿಂತು ಚೆಂಡು ತಡೆಯುವವರನ್ನು ಇನ್‌ಫೀಲ್ಡರ್ ಎನ್ನುತ್ತಾರೆ. ಬಕ್ನರ್ ತನ್ನ ವೃತ್ತಿಜೀವನದ ಹೆಚ್ಚಿನ ಭಾಗ ಮೊದಲ ಬೇಸ್ ಕಾದವನು. 1969ರಿಂದ 1990ರವರೆಗೆ ಆಡಿದ. 2,715 ಹಿಟ್ ಹೊಡೆದ. 1980ರಲ್ಲಿ ನ್ಯಾಷನಲ್ ಲೀಗಿನಲ್ಲಿ ಅತ್ಯುತ್ತಮ ಬ್ಯಾಟಿಂಗ್ ಸರಾಸರಿ ಅವನದೇ. 1985ರಲ್ಲಿ ಮೊದಲ ಬೇಸ್‌ನಲ್ಲಿ ನಿಂತು 184 ಬಾರಿ ಎದುರಾಳಿಗಳನ್ನು ಔಟ್ ಮಾಡಲು ನೆರವಾಗಿದ್ದು ಆಗಿನ ದಾಖಲೆ. ಇದೆಲ್ಲ ಹಾಳಾದ ಪಾದದ ಕೀಲುಗಳ ಮೇಲೆ ನಿಂತು ಮಾಡಿದ ಕೆಲಸ. 1975ರಲ್ಲಿ ಪೆಟ್ಟಾದ ಮೇಲೆ ಅವು ಮತ್ತೆ ಪೂರ್ತಿ ಸರಿಹೋಗಲೇ ಇಲ್ಲ.

ಆದರೆ ಅವನ ಹೆಸರು ಹೇಳಿದರೆ ಅಮೆರಿಕದಲ್ಲಿ ಜನರಿಗೆ ನೆನಪಾಗುವುದು 1986ರ ಅಕ್ಟೋಬರ್ 25ರ ರಾತ್ರಿಯ ಕೆಲವು ಕ್ಷಣಗಳು ಮಾತ್ರ.

ಅದು ವರ್ಲ್ಡ್ ಸೀರೀಸ್‌ನ ಆರನೆಯ ಪಂದ್ಯ. ಬಕ್ನರನ ಬಾಸ್ಟನ್ ರೆಡ್ ಸಾಕ್ಸ್ ತಂಡ ಸರಣಿಯಲ್ಲಿ 3-2ರಿಂದ ಮುಂದಿತ್ತು. ಗೆದ್ದರೆ 1918ರ ನಂತರದ ಮೊದಲ ಪ್ರಶಸ್ತಿ. ಹತ್ತನೆಯ ಇನಿಂಗ್ಸ್‌ನಲ್ಲಿ ಬಾಸ್ಟನ್ 5-3ರಿಂದ ಮುಂದೆ. ಎದುರಾಳಿ ನ್ಯೂಯಾರ್ಕ್ ಮೆಟ್ಸ್‌ನ ಇಬ್ಬರು ಔಟಾಗಿದ್ದರು, ಬೇಸ್‌ಗಳು ಖಾಲಿ. ಇನ್ನೊಬ್ಬ ಔಟಾದರೆ ಮುಗಿಯಿತು. ಆಗ ಮೆಟ್ಸ್ ಸಾಲಾಗಿ ಮೂರು ಹಿಟ್ ಹೊಡೆದು 5-4 ಮಾಡಿತು. ಬಾಸ್ಟನ್ ಪಿಚರ್ ಬದಲಾಯಿಸಿತು. ಹೊಸ ಪಿಚರ್ ಎಸೆದ ಒಂದು ಚೆಂಡು ದಿಕ್ಕು ತಪ್ಪಿ ಹಿಂದಕ್ಕೆ ಹೋಯಿತು, 5-5. ಆಮೇಲೆ ಮೂಕಿ ವಿಲ್ಸನ್ ನೆಲಕ್ಕೆ ಹೊಡೆದ ಚೆಂಡು ಉರುಳುತ್ತ ಬಕ್ನರನ ಬಳಿ ಬಂತು. ಅವನು ಬಾಗಿದ. ಚೆಂಡು ಅವನ ಕಾಲ ಸಂದಿಯಲ್ಲಿ ಹಾದುಹೋಯಿತು. ಎರಡನೆಯ ಬೇಸ್‌ನಲ್ಲಿದ್ದ ರೇ ನೈಟ್ ಓಡಿ ಬಂದು ರನ್ ಗಳಿಸಿದ. ಮೆಟ್ಸ್ 6-5ರಿಂದ ಗೆದ್ದಿತು.

ಗಮನಿಸಿ, ಚೆಂಡು ಅವನ ಬಳಿ ಬರುವ ಮುನ್ನವೇ ಮುನ್ನಡೆ ಕೈತಪ್ಪಿತ್ತು. ಅವನು ಹಿಡಿದು ವಿಲ್ಸನ್ ಔಟಾಗಿದ್ದರೂ ಪಂದ್ಯ ಸಮಬಲದಲ್ಲೇ ಮುಂದುವರಿಯುತ್ತಿತ್ತು. ಆ ಸರಣಿಯಲ್ಲಿ ಮುಂದಿರುವಾಗ ಕೊನೆಯ ಹೊತ್ತಿಗೆ ಬಕ್ನರನ ಜಾಗಕ್ಕೆ ಬೇರೆಯವರನ್ನು ಕಳಿಸುತ್ತಿದ್ದ ಮ್ಯಾನೇಜರ್ ಅಂದು ಕಳಿಸಿರಲಿಲ್ಲ. ಅಲ್ಲದೆ ಏಳನೆಯ ಪಂದ್ಯ ಇನ್ನೂ ಬಾಕಿಯಿತ್ತು. ಅದರಲ್ಲಿ ಬಾಸ್ಟನ್ 3-0 ಮುನ್ನಡೆ ಪಡೆದೂ ಸೋತಿತು. ಹೊರೆ ಹೊರಲು ಅಷ್ಟು ಹೆಗಲುಗಳಿದ್ದವು. ಜನ ಆರಿಸಿಕೊಂಡದ್ದು ಒಂದನ್ನೇ.

ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು ಸಂಗತಿ. ಕೊನೆಯ ರನ್ ಗಳಿಸಿದ ರೇ ನೈಟ್ ಕೂಡ ಇನ್‌ಫೀಲ್ಡರ್, ಮೂರನೆಯ ಬೇಸ್ ಕಾಯುವವನು. ಅದೇ ಪಂದ್ಯದ ಏಳನೆಯ ಇನಿಂಗ್ಸ್‌ನಲ್ಲಿ ಅವನ ಎಸೆತ ಗುರಿ ತಪ್ಪಿತ್ತು, ಅದರಿಂದ ಬಾಸ್ಟನ್‌ಗೆ ಒಂದು ರನ್ ದಕ್ಕಿತ್ತು. ಮೂರನೆಯ ಕಾಲಮ್ಮಿನಲ್ಲಿ ಅವನ ಹೆಸರಿಗೂ ಒಂದು ತಪ್ಪು. ಕೊನೆಗೆ ಸರಣಿಯ ಅತ್ಯಮೂಲ್ಯ ಆಟಗಾರ ಎಂಬ ಗೌರವ ಸಿಕ್ಕಿದ್ದು ನೈಟ್‌ಗೆ. ಒಂದೇ ರಾತ್ರಿ, ಒಂದೇ ಮೈದಾನ, ಇಬ್ಬರಿಗೂ ಒಂದೊಂದು ತಪ್ಪು. ಒಬ್ಬನ ತಪ್ಪನ್ನು ಆಮೇಲಿನ ಆಟ ಅಳಿಸಿಹಾಕಿತು, ಇನ್ನೊಬ್ಬನ ತಪ್ಪಿನ ನಂತರ ಅಂದು ಆಟವೇ ಉಳಿದಿರಲಿಲ್ಲ.

1976ರಲ್ಲಿ ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನೇಗಲ್ ಎಂಬ ತತ್ವಶಾಸ್ತ್ರಜ್ಞರು ಇದನ್ನೇ ನೈತಿಕ ಅದೃಷ್ಟ ಎಂದು ಕರೆದು ಚರ್ಚಿಸಿದರು. ನಮ್ಮ ಹತೋಟಿಯಲ್ಲಿ ಇಲ್ಲದ್ದಕ್ಕೆ ನಾವು ಹೊಣೆಯಲ್ಲ ಎಂದು ಒಪ್ಪುತ್ತೇವೆ, ಆದರೆ ಒಬ್ಬನನ್ನು ತೂಗುವಾಗ ಹತೋಟಿಯಲ್ಲಿ ಇಲ್ಲದ ಫಲಿತಾಂಶವನ್ನೇ ತಕ್ಕಡಿಗೆ ಹಾಕುತ್ತೇವೆ. ವಿಲಿಯಮ್ಸ್ ಲಾರಿ ಚಾಲಕನೊಬ್ಬನ ಉದಾಹರಣೆ ಕೊಡುತ್ತಾನೆ. ಅವನದೇನೂ ತಪ್ಪಿಲ್ಲ, ಆದರೂ ಲಾರಿಗೆ ಮಗುವೊಂದು ಸಿಕ್ಕಿಬಿಟ್ಟಿದೆ. ನೋಡುತ್ತಿದ್ದವರಿಗೆ ಆಗುವ ಸಂಕಟಕ್ಕಿಂತ ಅವನ ಸಂಕಟ ಬೇರೆ ಬಗೆಯದು, ಬೇರೆಯಾಗಿಯೇ ಇರಬೇಕು. ಒಪ್ಪುತ್ತೇನೆ. ಆದರೆ ಆ ಸಂಕಟ ಅವನದು. ಅವನು ಮರುಗುತ್ತಿದ್ದಾನೆ ಎಂಬುದು ನಮಗೆ ಕಲ್ಲು ಹೊಡೆಯಲು ಸಿಕ್ಕ ಪರವಾನಗಿಯಲ್ಲ.

ಹಾಗಾದರೆ ತಪ್ಪನ್ನು ತಪ್ಪು ಅನ್ನಬಾರದೇ? ಅನ್ನಬೇಕು. ಬಕ್ನರ್ ಹಿಡಿಯಬೇಕಾದ ಚೆಂಡು ಅದು, ಸ್ಕೋರರ್ ಬರೆದದ್ದು ಸರಿ. ಆದರೆ ಸ್ಕೋರರ್ ಬರೆದದ್ದು ಒಂದು ತಪ್ಪನ್ನು, ಆ ಹಾಳೆಯ ಇತರ ತಪ್ಪುಗಳ ಜೊತೆಯಲ್ಲಿ. ಜನ ಬರೆದದ್ದು ಒಬ್ಬ ಮನುಷ್ಯನನ್ನು.

ಎರಡು ದಶಕ ಕಳೆದವು. 2004ರಲ್ಲಿ ಬಾಸ್ಟನ್ ಕೊನೆಗೂ ಗೆದ್ದಿತು, 2007ರಲ್ಲಿ ಮತ್ತೆ. 2008ರ ಏಪ್ರಿಲ್ 8ರಂದು ಬಾಸ್ಟನ್ನಿನ ಫೆನ್ವೇ ಪಾರ್ಕ್‌ನಲ್ಲಿ ಸಾಂಪ್ರದಾಯಿಕ ಮೊದಲ ಚೆಂಡನ್ನೆಸೆಯಲು ಬಕ್ನರನನ್ನು ಕರೆಸಿದರು. ಮೈದಾನವೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿತು, ಅವನು ಕಣ್ಣೊರೆಸಿಕೊಂಡ. ಊರು ಅವನನ್ನು ಕ್ಷಮಿಸಿತು ಎಂದರು. ನನಗೆ ಆ ಕ್ರಿಯಾಪದ ಒಪ್ಪಿಗೆಯಾಗುವುದಿಲ್ಲ. ಅನ್ಯಾಯವಾದವರು ಕ್ಷಮಿಸಬೇಕು. ಬಾಸ್ಟನ್ನಿಗಾದದ್ದು ನಷ್ಟ, ಅನ್ಯಾಯವಲ್ಲ. ನಾವು ಈ ಎರಡನ್ನೂ ಸದಾ ಕಲಸಿಬಿಡುತ್ತೇವೆ. ಅಂದು ಬಕ್ನರನೇ ಹೇಳಿದ: ಕ್ಷಮಿಸಬೇಕಾಗಿದ್ದವನು ತಾನು, ತನಗೂ ತನ್ನ ಕುಟುಂಬಕ್ಕೂ ಕೊಟ್ಟ ನೋವಿಗೆ ಮಾಧ್ಯಮಗಳನ್ನು. 2019ರಲ್ಲಿ ಅವನು ತೀರಿಕೊಂಡಾಗಲೂ ಸುದ್ದಿಗಳು ಆ ಚೆಂಡನ್ನು ಬಿಡಲಿಲ್ಲ.

ಇದನ್ನೆಲ್ಲ ಓದುವಾಗ ನಾನು ಬಕ್ನರನ ಪಕ್ಕ ನಿಂತಿದ್ದೇನೆ ಎಂದುಕೊಂಡಿದ್ದೆ. ನಿಜಕ್ಕೂ ನಾನಿದ್ದದ್ದು ಗ್ಯಾಲರಿಯಲ್ಲಿ. ಕಳೆದ ವರ್ಷ ನಮ್ಮ ವಿಭಾಗದ ಸೆಮಿನಾರಿನಲ್ಲಿ ಎಂ.ಎ. ವಿದ್ಯಾರ್ಥಿಯೊಬ್ಬ ಮಾತನಾಡಲು ನಿಂತು, ಅರ್ಧಕ್ಕೆ ಎಲ್ಲವೂ ಮರೆತುಹೋಗಿ, ಬೆವರುತ್ತ ಕೆಳಗಿಳಿದ. ಅಂದಿನಿಂದ ನಾವು ಗೆಳೆಯರು ಟೀ ಕುಡಿಯುವಾಗ ಅವನನ್ನು ಹೆಸರಿನಿಂದ ಕರೆದಿಲ್ಲ, 'ಮರೆತ ಹುಡುಗ' ಅನ್ನುತ್ತೇವೆ. ಆ ಅಡ್ಡಹೆಸರು ಇಟ್ಟವನು ನಾನೇ. ತಿಂಗಳ ನಂತರ ಅವನ ಕಿರುಪ್ರಬಂಧ ನನ್ನ ಕೈಗೆ ಬಂದಾಗ ಓದುವುದಕ್ಕೂ ಮೊದಲೇ ಕೆಂಪು ಪೆನ್ನು ತೆಗೆದಿದ್ದೆ.

ಮೊನ್ನೆ ಅದರ ಪ್ರತಿ ಹುಡುಕಿ ಮತ್ತೆ ಓದಿದೆ. ತಪ್ಪುಗಳಿದ್ದವು, ಗುರುತು ಹಾಕಿದ್ದೆ. ನಾಲ್ಕನೆಯ ಪುಟದಲ್ಲಿ ಅವನು ಒಂದು ಪ್ರಶ್ನೆ ಕೇಳಿದ್ದ, ನನ್ನ ಸಂಶೋಧನೆಯಲ್ಲಿ ನಾನು ಕೇಳಬೇಕಿದ್ದದ್ದು. ಅದರ ಪಕ್ಕದಲ್ಲಿ ನಾನು ಏನೂ ಬರೆದಿರಲಿಲ್ಲ.