ಎರಡನೇ ಇನಿಂಗ್ಸ್ ಕೊಡುವವರು ಯಾರು?

1969ರ ನವೆಂಬರ್. ಕಾನ್ಪುರದಲ್ಲಿ ಆಸ್ಟ್ರೇಲಿಯಾ ವಿರುದ್ಧ ಮೊದಲ ಟೆಸ್ಟ್ ಆಡಲಿಳಿದ ಇಪ್ಪತ್ತರ ಹುಡುಗ ಜಿ.ಆರ್. ವಿಶ್ವನಾಥ್ ಸೊನ್ನೆ ಸುತ್ತಿ ಮರಳಿದರು. ಅದೇ ಪಂದ್ಯದ ಎರಡನೇ ಇನಿಂಗ್ಸ್‌ನಲ್ಲಿ 137 ರನ್ ಹೊಡೆದರು. ಕನ್ನಡಿಗರು ಇದನ್ನು ಛಲದ ಕಥೆಯೆಂದೇ ಹೇಳಿಕೊಂಡು ಬಂದಿದ್ದಾರೆ. ಛಲವಿತ್ತು, ಸಂದೇಹವಿಲ್ಲ. ಆದರೆ ಛಲ ತೋರಿಸಲು ಅಲ್ಲೊಂದು ಎರಡನೇ ಇನಿಂಗ್ಸ್ ಇತ್ತು. ಸೋತ ಕೆಲವೇ ದಿನಗಳಲ್ಲಿ ಮತ್ತೆ ಬ್ಯಾಟ್ ಹಿಡಿಯುವ ಹಕ್ಕನ್ನು ಆಟದ ನಿಯಮವೇ ಕೊಟ್ಟಿತ್ತು.

ಕಂಪನಿಗಳು ಕ್ರೀಡಾಪಟುಗಳನ್ನು ಕರೆಸಿ ಉದ್ಯೋಗಿಗಳಿಗೆ ಭಾಷಣ ಕೊಡಿಸುವಾಗ ಈ ಅರ್ಧ ಮರೆತೇ ಹೋಗುತ್ತದೆ. ಬಿದ್ದರೆ ಏಳು, ಬಿಡಬೇಡ ಎಂಬ ಮಾತಷ್ಟೇ ಉಳಿಯುತ್ತದೆ. ಏಳುವ ಹೊಣೆಯೆಲ್ಲ ಬಿದ್ದವನ ಹೆಗಲಿಗೆ.

ಪ್ರಕಾಶ್ ಪಡುಕೋಣೆ 1962ರಲ್ಲಿ, ಏಳರ ವಯಸ್ಸಿನಲ್ಲಿ, ರಾಜ್ಯ ಜೂನಿಯರ್ ಬ್ಯಾಡ್ಮಿಂಟನ್ ಟೂರ್ನಿ ಆಡಿ ಮೊದಲ ಸುತ್ತಿನಲ್ಲೇ ಸೋತರು. ಎರಡು ವರ್ಷದ ನಂತರ ಅದೇ ಪ್ರಶಸ್ತಿ ಗೆದ್ದರು. ಆ ಎರಡು ವರ್ಷಗಳಲ್ಲಿ ಏನಿತ್ತು? ಆಟವನ್ನು ಬಲ್ಲ, ರಾಜ್ಯದ ಬ್ಯಾಡ್ಮಿಂಟನ್ ಸಂಸ್ಥೆಯಲ್ಲಿ ದುಡಿದ ತಂದೆ ಇದ್ದರು. ಅಭ್ಯಾಸಕ್ಕೆ ಮಲ್ಲೇಶ್ವರದ ಕೆನರಾ ಯೂನಿಯನ್ ಸಭಾಂಗಣವಿತ್ತು. ಅದು ಮದುವೆಗಳಿಗೂ ಬಳಕೆಯಾಗುತ್ತಿದ್ದ ಜಾಗ. ಸೋತವರೂ ಮತ್ತೆ ಹೆಸರು ಕೊಡಬಹುದಾದ ಟೂರ್ನಿಯಿತ್ತು. 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ದ ಸ್ಥೈರ್ಯ ಹುಟ್ಟಿನಿಂದಲೇ ಬಂದದ್ದೆಂದರೆ ಇವೆಲ್ಲಕ್ಕೂ ಅನ್ಯಾಯವಾಗುತ್ತದೆ.

ಆಫೀಸಿನಲ್ಲಿ ಏನಾಗುತ್ತದೆ? ಹೊಸಬನ ಮೊದಲ ಪ್ರಾಜೆಕ್ಟ್ ಕೈಕೊಟ್ಟರೆ ಎರಡನೆಯದು ಯಾವಾಗ ಸಿಗುತ್ತದೆಂದು ಅವನಿಗೆ ಗೊತ್ತಿರುವುದಿಲ್ಲ. ತಪ್ಪಾದದ್ದೆಲ್ಲಿ ಎಂದು ತಿಳಿಯುವುದು ಎಷ್ಟೋ ಕಡೆ ವರ್ಷಕ್ಕೊಮ್ಮೆ ಬರುವ ಅಪ್ರೈಸಲ್‌ನಲ್ಲಿ, ಅದೂ ಒಂದು ಅಂಕಿಯ ರೂಪದಲ್ಲಿ. ಹೀಗೆ ಕಾಯುವವನಿಗೆ ಛಲದ ಉಪದೇಶ ಮಾಡುವುದು ಕ್ರೌರ್ಯ.

ಗ್ರಾಹಕರ ದುಡ್ಡಿನಲ್ಲಿ ಎಷ್ಟು ಸಲ ಅವಕಾಶ ಕೊಡುವುದು ಎಂಬ ಪ್ರಶ್ನೆ ನ್ಯಾಯವಾದದ್ದೇ. ಕ್ರೀಡೆಯೂ ನಿರ್ದಾಕ್ಷಿಣ್ಯವಾಗಿ ಕೈಬಿಡುತ್ತದೆ. ನಿಧಾನವಾಗಿ ಆಡುತ್ತಾರೆಂದು 1998ರಲ್ಲಿ ರಾಹುಲ್ ದ್ರಾವಿಡ್ ಏಕದಿನ ತಂಡದಿಂದ ಹೊರಬಿದ್ದರು. ಆದರೆ ಕೊರತೆ ಯಾವುದೆಂದು ಅವರಿಗೆ ತಿಳಿದಿತ್ತು, ಟೆಸ್ಟ್ ತಂಡದ ಬಾಗಿಲು ಮುಚ್ಚಿರಲಿಲ್ಲ. ಮರುವರ್ಷದ ವಿಶ್ವಕಪ್‌ನಲ್ಲಿ 461 ರನ್ ಗಳಿಸಿ ಎಲ್ಲರಿಗಿಂತ ಮುಂದಿದ್ದರು.

ಅದೇ ದ್ರಾವಿಡ್ ಮುಂದೆ ಕಿರಿಯರ ಕೋಚ್ ಆದಾಗ, ಒಬ್ಬ ಆಟಗಾರ ಒಂದೇ ಅಂಡರ್-19 ವಿಶ್ವಕಪ್ ಆಡಬೇಕೆಂಬ ನಿಯಮ ಅವರ ಸಲಹೆಯಂತೆ ಬಂತು. ಮೇಲ್ನೋಟಕ್ಕೆ ಇದು ಅವಕಾಶ ಕಸಿಯುವ ನಿಯಮ. ನಿಜದಲ್ಲಿ, ಕಲಿತ ಹುಡುಗ ಅಲ್ಲೇ ಬೇರೂರದೆ ದೊಡ್ಡವರ ಕ್ರಿಕೆಟ್ಟಿಗೆ ಹೋಗಲಿ, ತೆರವಾದ ಜಾಗದಲ್ಲಿ ಇನ್ನೊಬ್ಬ ಕಲಿಯಲಿ ಎಂಬ ಕಾಳಜಿ. ಒಂದೇ ಕುರ್ಚಿಯಲ್ಲಿ ಹತ್ತು ವರ್ಷ ಸವೆಯುವುದನ್ನು ನಿಷ್ಠೆಯೆಂದು ಹೊಗಳುವ ಕಚೇರಿಗಳು ಈ ನಿಯಮವನ್ನು ಗಮನಿಸಬೇಕು.

ಮುಂದಿನ ಸಲ ಸ್ಫೂರ್ತಿಯ ಭಾಷಣ ಏರ್ಪಡಿಸುವ ಮುನ್ನ ಮ್ಯಾನೇಜರುಗಳು ಒಂದು ಕೆಲಸ ಮಾಡಲಿ: ಈ ವರ್ಷ ಎಡವಿದ ಹೊಸಬರನ್ನು ಒಬ್ಬೊಬ್ಬರಾಗಿ ಕರೆದು, ತಪ್ಪೇನಾಯಿತೆಂದು ಬಿಡಿಸಿ ಹೇಳಿ, ಮುಂದಿನ ಕೆಲಸದ ತಾರೀಕು ಕೊಡಲಿ.