ಶಕ್ತಿಯರಿತ ತಪಸ್ಸು



ಭಾದ್ರಪದ ಶುಕ್ಲ ಪಂಚಮಿಯಿಂದ ಚತುರ್ದಶಿಯವರೆಗಿನ ದಶಲಕ್ಷಣ ಪರ್ವವು ಸಮೀಪಿಸಿದಂತೆ ಹಲಸೂರು, ಇಂದಿರಾನಗರಗಳ ಶ್ರಾವಕರ ಮನೆಗಳಲ್ಲಿಯೂ ಯಾರು ಎಷ್ಟು ಉಪವಾಸ ಮಾಡುವರೆಂಬ ಮಾತು ನಡೆಯುತ್ತದೆ. ಬಾಲ್ಯದಲ್ಲಿ ರಕ್ತದ ಕ್ಯಾನ್ಸರಿಗೆ ತುತ್ತಾಗಿ ಗುಣಹೊಂದಿದ ತರುಣನೋ ತರುಣಿಯೋ ಮನೆಯಲ್ಲಿದ್ದರೆ ಆ ಮಾತು ಕಠಿಣವಾಗುತ್ತದೆ. "ಮಗು ಉಳಿದರೆ ಪ್ರಾಯಕ್ಕೆ ಬಂದಮೇಲೆ ಹತ್ತು ದಿನವೂ ಉಪವಾಸ ಮಾಡಿಸುವೆ" ಎಂದು ತಾಯಿಯು ಆಸ್ಪತ್ರೆಯಲ್ಲಿ ಸಂಕಲ್ಪಿಸಿದ್ದರೆ, ಅದನ್ನೀಗ ಸಲ್ಲಿಸಬೇಕೇ?

ವೀತರಾಗನಾದ ಜಿನನು ಉಪವಾಸಕ್ಕೆ ಒಲಿಯುವವನಲ್ಲ, ತಪ್ಪಿದರೆ ಮುನಿಯುವವನೂ ಅಲ್ಲ. ತಪಸ್ಸಿಗೆ ಪ್ರತಿಫಲವನ್ನು ಬಯಸುವುದು ನಿದಾನವೆಂಬ ಶಲ್ಯ, ವ್ರತಿಯಾದವನು ಶಲ್ಯರಹಿತನಾಗಿರಬೇಕು. ಮೇಲಾಗಿ ವ್ರತವು ತನ್ನ ಪರಿಣಾಮದಿಂದ ತಾನೇ ಕೈಕೊಳ್ಳತಕ್ಕದ್ದು. ಒಬ್ಬರ ದೇಹವನ್ನು ಮತ್ತೊಬ್ಬರು ಹರಕೆಗೆ ಒತ್ತೆಯಿಡಲಾಗದು. ತಾಯಿಯ ಸಂಕಟ ನಿಂದ್ಯವಲ್ಲ. ಆಕೆಯ ಮಾತನ್ನು ಆಕೆಯ ದಾನವೇ ಸಲ್ಲಿಸಲಿ.

ಷೋಡಶಕಾರಣ ಭಾವನೆಗಳಲ್ಲಿ ತಪಸ್ಸಿಗೆ 'ಶಕ್ತಿತಃ' ಎಂಬ ಕಟ್ಟಳೆಯಿದೆ. ಇದ್ದ ಶಕ್ತಿಯನ್ನು ಬಚ್ಚಿಡದೆ, ಇಲ್ಲದ ಶಕ್ತಿಯನ್ನು ನಟಿಸದೆ ಆಚರಿಸುವುದೇ ಅದರ ಭಾವ. ಜೀವವುಳಿಸಿದ ಔಷಧಗಳಲ್ಲಿ ಕೆಲವು ಹೃದಯವನ್ನು, ಕೆಲವು ಮೂತ್ರಪಿಂಡ ಅಥವಾ ಶ್ರವಣಶಕ್ತಿಯನ್ನು ದುರ್ಬಲಗೊಳಿಸಬಲ್ಲವು. ವಿಕಿರಣದ ಪರಿಣಾಮವು ಹಲವು ವರ್ಷಗಳ ಮೇಲೆ ತೋರಬಹುದು. ಮೂತ್ರಪಿಂಡ ದುರ್ಬಲವಾದವರಿಗೆ ನೀರನ್ನೂ ತೊರೆಯುವ ಉಪವಾಸ ಅಪಾಯಕರ. ಆದುದರಿಂದ ಚಿಕಿತ್ಸೆಯ ಕಾಗದಗಳನ್ನು ಜೋಪಾನವಾಗಿರಿಸಿ, ಮೈಯಲ್ಲಿ ನೋವಿಲ್ಲದಿದ್ದರೂ ವೈದ್ಯರು ಹೇಳಿದ ಕಾಲಕ್ಕೆ ಪರೀಕ್ಷೆ ಮಾಡಿಸಿಕೊಳ್ಳುವುದು, ವ್ರತಕ್ಕೆ ಮೊದಲು ಅವರನ್ನು ಕೇಳುವುದು ಭಯವಲ್ಲ, ಅದು ಅಪ್ರಮಾದ.

ಸಮಂತಭದ್ರಾಚಾರ್ಯರ ಕಥೆಯನ್ನು ನೆನೆಯಿರಿ. ದೇವಚಂದ್ರನ 'ರಾಜಾವಳೀಕಥೆ' ಹೇಳುವಂತೆ, ಭಸ್ಮಕವ್ಯಾಧಿಯಿಂದ ಬಳಲಿದ ಅವರು ಸಲ್ಲೇಖನಕ್ಕೆ ಅನುಮತಿ ಬೇಡಿದಾಗ ಗುರುಗಳು ಕೊಡಲಿಲ್ಲ. ಅವರಿಂದ ಧರ್ಮಕ್ಕೆ ಆಗಬೇಕಾದ ಕಾರ್ಯವಿದ್ದಿತು. ಅವರು ಮುನಿವೇಷವನ್ನು ತೊರೆದು, ಹೊಟ್ಟೆತುಂಬ ಉಂಡು, ರೋಗ ಕಳೆದಮೇಲೆ ಮರಳಿ ದೀಕ್ಷೆಗೊಂಡರು. ಅಂಥವರೇ ಉಣ್ಣಬೇಕಾದಾಗ ಉಂಡರೆಂದಮೇಲೆ, ನಮ್ಮ ಮಕ್ಕಳು ನಾಚಬೇಕಾದುದೇನು?

ಬಾಹ್ಯ ತಪಸ್ಸು ಅನಶನವೊಂದೇ ಅಲ್ಲ, ಆರು ವಿಧ. ಒಂದೆರಡು ತುತ್ತು ಕಡಿಮೆ ಉಣ್ಣುವ ಅವಮೌದರ್ಯವುಂಟು, ತುಪ್ಪವನ್ನೋ ಸಿಹಿಯನ್ನೋ ಬಿಡುವ ರಸಪರಿತ್ಯಾಗವುಂಟು. ಸೋಸಿ ಕಾಯಿಸಿದ ನೀರು, ಹೊತ್ತು ಮುಳುಗುವ ಮುನ್ನ ಊಟ, ತಂಬಾಕು ಮದ್ಯಗಳ ಆಜೀವ ತ್ಯಾಗ: ಇವು ವ್ರತವೂ ಹೌದು, ಪಥ್ಯವೂ ಹೌದು.

ಇನ್ನು ಕೃತಜ್ಞತೆ. ನಮ್ಮ ಅಂಗಳದ ನಿತ್ಯಪುಷ್ಪವೆಂಬ ಏಕೇಂದ್ರಿಯ ಜೀವದಿಂದ ದೊರೆತ ವಿನ್‌ಕ್ರಿಸ್ಟೀನ್ ಎಂಬ ಔಷಧವನ್ನು 1960ರ ದಶಕದಿಂದ ಮಕ್ಕಳ ರಕ್ತದ ಕ್ಯಾನ್ಸರಿಗೆ ಕೊಡುತ್ತ ಬಂದಿದ್ದಾರೆ. ಮುಖವರಿಯದ ಎಷ್ಟೋ ಜನರ ರಕ್ತವೂ ಆ ಮಗುವಿನ ಮೈಯಲ್ಲಿ ಹರಿದಿರುತ್ತದೆ. ಇಂಥ ಋಣವನ್ನು ಹಸಿವಿನಿಂದ ತೀರಿಸಲಾಗದು. ಗುಣಹೊಂದಿದವರು ರಕ್ತ ಕೊಡಲು ಅರ್ಹರಾಗದಿದ್ದರೆ ಮನೆಯ ಆರೋಗ್ಯವಂತರು ಕೊಡಲಿ. 1973ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ದೂರದ ಜಿಲ್ಲೆಗಳಿಂದ ಮಕ್ಕಳನ್ನು ಕರೆತರುವ ಬಡವರಿಗೆ ಪರ್ವದ ದಿನಗಳಲ್ಲಿ ಊಟ, ಔಷಧ ಒದಗಿಸಲಿ. ಗುಣಹೊಂದಿದ ತರುಣರು ಆ ತಾಯಂದಿರ ಬಳಿ ಕುಳಿತು "ನಾನೂ ಹೀಗೆಯೇ ಇದ್ದೆ" ಎಂದರೆ, ಆಹಾರ ಔಷಧಗಳೊಡನೆ ಅಭಯದಾನವೂ ಕೂಡಿಬರುತ್ತದೆ.